ಹದಿನೇಳನೆಯ ನಿಯಮ

ನಾರ್ತ್‌ವಿಲ್, ಮಿಶಿಗನ್
ಏಪ್ರಿಲ್ 19, 2009, ಭಾನುವಾರ

ನನ್ನ ಯಜಮಾನರೂ ನಮ್ಮ ಕನ್ನಡ ಒಕ್ಕೂಟದ ಅಧ್ಯಕ್ಷರೂ ಆದ ಬದರೀನಾಥ ಅವರಿಗೆ ಅಂಬುಜಾಳ ನಮಸ್ಕಾರ. ಎರಡು ಪದವಿಗಳಲ್ಲಿ ಯಾವುದು ಮುಂದೆ ಬರಬೇಕಿತ್ತೋ ನೀವೇ ತಿದ್ದಿಕೊಳ್ಳಿ. ತಿದ್ದುವುದು, ಅಳಿಸುವುದು ಎಲ್ಲ ಈಗ ನಿಮ್ಮ ಕೈಯಲ್ಲೇ ಇದೆಯಲ್ಲ.

ನಾನು ಕ್ಷೇಮ. ನಿಮ್ಮ ಕ್ಷೇಮ ಕೇಳುವ ಮನಸ್ಸು ಬರುತ್ತಿಲ್ಲ. ಹುಳಿಪುಡಿ ಮುಗಿದಿದ್ದರೆ ಫ್ರೀಜರಿನ ಬಲಗಡೆ ಇನ್ನೊಂದು ಡಬ್ಬಿ ಇದೆ, ನೋಡಿಕೊಳ್ಳಿ. ಫೋನ್ ಬಿಟ್ಟು ಕಾಗದ ಯಾಕೆ ಅನ್ನುತ್ತೀರೇನೋ. ಫೋನಿನಲ್ಲಿ ನೀವು ನನ್ನ ಜೊತೆ ಮಾತಾಡುವುದಿಲ್ಲ, ಸಭೆ ನಡೆಸುತ್ತೀರಿ. ಕಾಗದದಲ್ಲಾದರೆ ನಾನು ಮುಗಿಸುವ ತನಕ ನೀವು ಸುಮ್ಮನಿರಲೇಬೇಕು.

ಡಿಸೆಂಬರಿನ ಆ ಶುಕ್ರವಾರ ನೆನಪಿದೆಯಾ? ಕಾರು ಕಂಪನಿಗಳಿಗೆ ನೆರವು ಕೊಡಲು ಸೆನೆಟ್ ಒಪ್ಪದೆ ವಾರವಾಗಿತ್ತು. ಬ್ಯಾಂಕುಗಳಿಗೆಂದು ಎತ್ತಿಟ್ಟ ಹಣದಿಂದಲೇ ಕೊಡುತ್ತೇನೆ ಎಂದು ಅಮೆರಿಕದ ಅಧ್ಯಕ್ಷರು ಟೀವಿಯಲ್ಲಿ ಹೇಳಿದರು. ವುಡ್‌ರಿಡ್ಜ್‌ನ ನಮ್ಮ ಮನೆಯ ಸೋಫಾದಲ್ಲಿ ಕೂತಿದ್ದ ನೀವು ಕಾಫಿ ಲೋಟವನ್ನು ಕುಕ್ಕಿದಿರಿ. ಜನರ ಸಭೆ ಬೇಡ ಎಂದದ್ದನ್ನು ಒಬ್ಬ ಮನುಷ್ಯ ಬೇಕು ಎಂದರೆ ಆಗಿಹೋಯಿತೇ, ಇದಕ್ಕೂ ಸರ್ವಾಧಿಕಾರಕ್ಕೂ ಏನು ವ್ಯತ್ಯಾಸ ಎಂದು ಕೂಗಾಡಿದಿರಿ. ನಾನು ತಲೆಯಾಡಿಸಿದೆ. ಮೈಸೂರಿನಲ್ಲಿ ಹನ್ನೊಂದು ವರ್ಷ ರಾಜ್ಯಶಾಸ್ತ್ರ ಪಾಠ ಮಾಡಿದವಳು ನಾನು. ಗಂಡ ಇಷ್ಟು ಸರಿಯಾಗಿ ಮಾತಾಡುತ್ತಾರಲ್ಲ ಎಂದು ಒಳಗೊಳಗೇ ಬೀಗಿದೆ ಕೂಡ.

ಅಧ್ಯಕ್ಷರ ಆ ಸಹಿಯಿಂದ ಇಲ್ಲಿ, ನಾನು ಉಳಿದುಕೊಂಡಿರುವ ಮನೆಯ ಪಂಚಾಕ್ಷರಿಯವರು ಕೆಲಸಕ್ಕಿದ್ದ ಬ್ರೇಕ್ ಭಾಗಗಳ ಫ್ಯಾಕ್ಟರಿ ಎರಡು ತಿಂಗಳು ಹೆಚ್ಚು ನಡೆಯಿತು. ಫೆಬ್ರವರಿಯಲ್ಲಿ ಮುಚ್ಚಿತು. ಇಪ್ಪತ್ತೆರಡು ವರ್ಷ ಇಂಜಿನಿಯರಾಗಿದ್ದ ಮನುಷ್ಯ ಈಗ ದಿನಾ ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು ಲೈಬ್ರರಿಗೆ ಡ್ರೈವ್ ಮಾಡುತ್ತಾರೆ. ಅಪ್ಲೈ ಮಾಡೇನ್ರಿ, ನೋಡೂಣು ಅನ್ನುತ್ತಾರೆ. ಅವರ ಹೆಂಡತಿ, ನನ್ನ ಗೆಳತಿ ಪ್ರಭಾವತಿ ಡಬ್ಬಿ ಕಟ್ಟಿಕೊಡುತ್ತಾಳೆ. ಇಬ್ಬರೂ ಆಫೀಸಿನ ಮಾತನ್ನೇ ಎತ್ತುವುದಿಲ್ಲ.

ಯುಗಾದಿ ಕಾರ್ಯಕ್ರಮದ ಚರ್ಚೆಗೆ ನೀವು ಅದೇ ವಿಷಯ ಇಟ್ಟಿರಿ: ಸಂಕಟದ ಕಾಲದಲ್ಲಿ ಅಮೆರಿಕದ ಅಧ್ಯಕ್ಷರು ಸಂಸತ್ತನ್ನು ಮೀರಬಹುದೇ? ಪ್ಲೇನ್‌ಫೀಲ್ಡ್ ಶಾಲೆಯ ವೇದಿಕೆ ಮೇಲೆ ರೇಷ್ಮೆ ಶಲ್ಯ ಹೊದ್ದು, ಕೂಡದು ಎಂದು ಗುಡುಗಿದಿರಿ. ನಿಮ್ಮ ಎದುರು ಪಂಚಾಕ್ಷರಿ ಮಾತಾಡುತ್ತಾರೆ, ಅಧ್ಯಕ್ಷರನ್ನು ಹೊಗಳುತ್ತಾರೆ ಅಂತ ಎಲ್ಲರೂ ಕಾದಿದ್ದೆವು. ಅವರು ಎದ್ದು ನಿಂತು, ನಮ್ಮ ಸಲುವಾಗಿ ಇವತ್ತ ಗೆರಿ ದಾಟ್ಯಾರ, ಉಪಕಾರ ಆತು. ಆದ್ರ ನಾಳೆ ನಮ್ಮ ಮ್ಯಾಲೆ ಬರಾಕ ಅದ ಗೆರಿ ದಾಟಿದ್ರ ನಾವು ಯಾವ ಬಾಯಿಲೆ ಬ್ಯಾಡ ಅನ್ನೂದು ಅಂದರು. ಅಷ್ಟೇ ಹೇಳಿ ಕೂತರು. ಚಪ್ಪಾಳೆ ನಿಮಗೇ ಹೆಚ್ಚು ಬಿತ್ತು. ಬೆಳ್ಳಿ ತಟ್ಟೆಯೂ ನಿಮಗೇ ಬಂತು. ತೀರ್ಪುಗಾರರನ್ನು ಆರಿಸಿದವರೂ ನೀವೇ ಎನ್ನುವುದು ಅವತ್ತು ನನಗೆ ಹೊಳೆಯಲಿಲ್ಲ.

ಆಮೇಲೆ ನಾನು ಪ್ರಭಾವತಿಯ ಕಾರು ಹತ್ತಿ ಇಲ್ಲಿಗೆ ಬಂದೆ, ಒಂದು ವಾರಕ್ಕೆಂದು. ಬಂದ ಹತ್ತನೆಯ ದಿನ, ಆರನೇ ತಾರೀಕು, ನಿಮ್ಮ ಆದೇಶ ಹೊರಟಿತು. ಒಕ್ಕೂಟಕ್ಕೆ ಸೇರಿದ ಡೆಟ್ರಾಯಿಟ್ ಕೂಟದ ಸಮಿತಿ ವಜಾ. ಕೆಲಸ ಕಳೆದುಕೊಂಡು ಈ ವರ್ಷದ ಚಂದಾ ಕಟ್ಟದ ಮನೆಗಳಿಗೆ ಮತವಿಲ್ಲ. ಆರ್ಥಿಕ ತುರ್ತು ಮುಗಿಯುವವರೆಗೆ ಒಕ್ಕೂಟದ ಚುನಾವಣೆಯೂ ಇಲ್ಲ, ಅಲ್ಲಿಯವರೆಗೆ ಹಾಲಿ ಅಧ್ಯಕ್ಷರೇ ಮುಂದುವರಿಯತಕ್ಕದ್ದು. ಆ ಮನೆಗಳಿಗೆ ಚಂದಾ ಮನ್ನಾ ಮಾಡಿದ್ದು ಡೆಟ್ರಾಯಿಟ್ ಕೂಟವೇ, ತನ್ನ ಸಭೆಯಲ್ಲಿ, ಎಲ್ಲರೂ ಕೈ ಎತ್ತಿ. ಅದು ಅವರ ಅಧಿಕಾರ. ಒಕ್ಕೂಟದ ಅಧ್ಯಕ್ಷ ಸ್ಥಾನಕ್ಕೆ ಅವರು ಪ್ರಭಾವತಿಯ ಹೆಸರು ಸೂಚಿಸಿದ್ದರು, ಆ ಮತಗಳಿದ್ದರೆ ನೀವು ಸೋಲುತ್ತಿದ್ದಿರಿ. ಇಷ್ಟೇ ನಿಮ್ಮ ತುರ್ತು ಪರಿಸ್ಥಿತಿ. ಓದಿದಾಗ ನನಗೆ ಸಿಟ್ಟು ಬರಲಿಲ್ಲ, ಹೇಸಿಗೆ ಬಂತು. ಊಟದ ತಟ್ಟೆಯಲ್ಲಿ ಕೂದಲು ಸಿಕ್ಕಿದ ಹಾಗೆ.

ಅಮೆರಿಕದ ಅಧ್ಯಕ್ಷರು ಎಷ್ಟೇ ಗೆರೆ ದಾಟಿರಲಿ, ಮಿಶಿಗನ್ನಿನ ಗವರ್ನರನ್ನು ಮನೆಗೆ ಕಳಿಸುವ ಅಧಿಕಾರ ಅವರಿಗಿಲ್ಲ. ಕೆಲಸ ಹೋದವನ ಮತ ಕಿತ್ತುಕೊಳ್ಳುವ ಅಧಿಕಾರವೂ ಇಲ್ಲ. ನಾನೂರು ಮನೆಗಳ ಒಕ್ಕೂಟದ ಅಧ್ಯಕ್ಷರಾದ ನಿಮಗಿದೆ. ಯಾಕೆಂದರೆ ನಾನು ಕೊಟ್ಟಿದ್ದೆ. ಆರು ವರ್ಷದ ಹಿಂದೆ ನಮ್ಮ ಡೈನಿಂಗ್ ಟೇಬಲ್ಲಿನಲ್ಲಿ ಕೂತು ಒಕ್ಕೂಟದ ನಿಯಮಾವಳಿ ಬರೆದವಳು ನಾನು. ನೃತ್ಯ, ನಾಟಕ, ಹೋಳಿಗೆ ಊಟ ನಡೆಸುವ ಸಂಘಕ್ಕೆ ಹದಿನೇಳನೆಯ ನಿಯಮ ಅಂತ ಒಂದನ್ನು ಸೇರಿಸಿದೆ: ತುರ್ತಿನಲ್ಲಿ ಅಧ್ಯಕ್ಷರು ಯಾವುದೇ ಕೂಟದ ಸಮಿತಿಯನ್ನು ವಜಾ ಮಾಡಬಹುದು, ಅದರ ತೀರ್ಮಾನಗಳನ್ನು ತಳ್ಳಿಹಾಕಬಹುದು, ಚುನಾವಣೆಯನ್ನೂ ತಡೆಯಬಹುದು. ನಮ್ಮ ಸಂವಿಧಾನದ 356ನೇ ವಿಧಿಯ ನಕಲು! ದೆಹಲಿಯಿಂದ ಬಂದ ಒಂದು ಕಾಗದಕ್ಕೆ ರಾಜ್ಯದ ಸರ್ಕಾರವೇ ಬಿದ್ದದ್ದನ್ನು ನೋಡಿದ ಕರ್ನಾಟಕದವಳು ನಾನು, ತರಗತಿಯಲ್ಲಿ ಅದನ್ನು ಬೈದವಳು. ಆದರೂ ಬರೆದೆ. ಸಂವಿಧಾನ ಅಂದಮೇಲೆ ಅದೂ ಇರಬೇಕು, ಇಲ್ಲದಿದ್ದರೆ ಗಾಂಭೀರ್ಯ ಸಾಲದು ಅನ್ನಿಸಿತ್ತು. ಮೇಷ್ಟರ ಬುದ್ಧಿ.

ಆದೇಶಕ್ಕೆ ಕಾರ್ಯದರ್ಶಿಯ ಸಹಿಯೂ ಬೇಕು ಎಂದು ಅದರಲ್ಲೇ ಬರೆದಿದ್ದೆ. ಕಾರ್ಯದರ್ಶಿ ನಾನೇ. ಜನವರಿಯಲ್ಲಿ ಅಕ್ಕನ ಆಪರೇಷನ್ನಿಗೆ ಮೈಸೂರಿಗೆ ಹೊರಟಾಗ ಹತ್ತು ಖಾಲಿ ಲೆಟರ್‌ಹೆಡ್‌ಗಳ ಕೆಳಗೆ ಸಹಿ ಮಾಡಿಟ್ಟು ಹೋಗಿದ್ದೆ, ಕೆಲಸ ನಿಲ್ಲಬಾರದು ಅಂತ. ನಮ್ಮ ಕಾಲೇಜಿನಲ್ಲಿ ಪ್ರಿನ್ಸಿಪಾಲರು ರಜೆ ಹಾಕುವ ಮುಂಚೆ ಹಾಗೇ ಮಾಡುತ್ತಿದ್ದರು, ಅದರಲ್ಲಿ ತಪ್ಪಿದೆ ಅಂತ ಯಾರಿಗೂ ಅನ್ನಿಸಿರಲಿಲ್ಲ. ಅಂಥದ್ದೊಂದು ಹಾಳೆ ಮೊನ್ನೆ ನಿಮಗೆ ಒದಗಿತು.

ಇಮೇಲ್ ಬಂದ ಬೆಳಿಗ್ಗೆ ಪ್ರಭಾವತಿ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿ, ಇದು ನಿನ್ನ ಸಹಿ ಹೌದೋ ಅಲ್ಲೋ ಅಂತ ಕೇಳಿದಳು. ಖಾಲಿ ಹಾಳೆಗಳ ಕಥೆ ಹೇಳಿದೆ. ಅವಳು ಅರೆ ಗಳಿಗೆಯೂ ಅನುಮಾನಿಸಲಿಲ್ಲ. ಗಂಡಸೂರು ಹಂಗ, ನೀ ಯಾಕ ಮಾರಿ ಸಣ್ಣ ಮಾಡ್ತಿ ಅಂತ ನನಗೇ ಸಮಾಧಾನ ಮಾಡಿದಳು. ಖಾಲಿ ಹಾಳೆಯ ಮಾತು ಸುಳ್ಳಲ್ಲ. ಆದರೆ ಅದು ಪೂರ್ತಿ ನಿಜವಲ್ಲ ಅಂತ ಅವತ್ತು ಗೊತ್ತಿದ್ದದ್ದು ಲೋಕದಲ್ಲಿ ನಿಮಗೆ, ನನಗೆ ಇಬ್ಬರಿಗೇ.

ಹಿಂದಿನ ದಿನ ಸಂಜೆ ನೀವು ಫೋನ್ ಮಾಡಿದಿರಿ. ನಾನು ಇಲ್ಲಿನ ಬೇಸ್‌ಮೆಂಟಿನಲ್ಲಿ ಬಟ್ಟೆ ಮಡಿಸುತ್ತಿದ್ದೆ, ಮೇಲೆ ಪ್ರಭಾವತಿ ನನಗೆಂದು ಶುಂಠಿ ಚಹಾ ಕುದಿಸುತ್ತಿದ್ದಳು. ಆದೇಶವನ್ನು ಮೊದಲಿಂದ ಕೊನೆಯವರೆಗೆ ಓದಿ ಹೇಳಿದಿರಿ. ನಾನು ಒಂದು ಪದ ತಿದ್ದಿಸಿದೆ ಕೂಡ. "ರದ್ದು" ಬೇಡ, "ಮುಂದೂಡಿಕೆ" ಅಂತ ಹಾಕಿ ಎಂದೆ. ಆಮೇಲೆ, ಸರಿ, ಕಳಿಸಿ ಅಂದೆ. ಮೇಲೆ ಹೋಗಿ ಅವಳು ಕೊಟ್ಟ ಚಹಾ ಕುಡಿದೆ.

ಯಾಕೆ ಒಪ್ಪಿದೆ ಅಂತ ಎರಡು ವಾರದಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ನಿಮ್ಮ ಹೆದರಿಕೆಯಿಂದ ಅಂತ ಬರೆದರೆ ನಾನು ಪಾರಾಗಬಹುದು. ನಿಜ ಅದಲ್ಲ. ಆರು ವರ್ಷದಿಂದ ಪ್ರತಿ ಕಾರ್ಯಕ್ರಮದಲ್ಲೂ ಮೊದಲ ದೀಪ ಬೆಳಗುವುದು ನಾನು, ಮುಂದಿನ ಸಾಲಿನ ನಡುವಿನ ಕುರ್ಚಿ ನನ್ನದು. ಪ್ರಭಾವತಿ ಅಧ್ಯಕ್ಷೆಯಾದರೆ ಆ ದೀಪ ಅವಳು ಹಚ್ಚುತ್ತಾಳೆ, ನಾನು ಪಕ್ಕದಲ್ಲಿ ನಿಂತು ಎಣ್ಣೆ ಬತ್ತಿ ಸರಿಮಾಡಬೇಕು. ಇಷ್ಟಕ್ಕೇ ರೀ. ಒಂದು ಬೆಂಕಿಕಡ್ಡಿಗೆ. ನಿಮ್ಮ ಮೇಲಿನ ಹೇಸಿಗೆಗಿಂತ ಇದು ನನಗೆ ಹೆಚ್ಚು ಹೇಸಿಗೆ ತಂದಿದೆ.

ದೀಪ್ತಿಗೆ ಫೋನ್ ಮಾಡಿ ಅರ್ಧಂಬರ್ಧ ಹೇಳಿದೆ. ಮಾಮ್, ಇಟ್ಸ್ ಜಸ್ಟ್ ಎ ಕ್ಲಬ್ ಅಂದಳು ಮಗಳು. ನಾನೂ ಎರಡು ದಿನ ಹಾಗೇ ಅಂದುಕೊಂಡು ನೋಡಿದೆ. ಆಗಲಿಲ್ಲ. ಕಳೆದ ಭಾನುವಾರ ಇಲ್ಲಿನ ಕೂಟದವರು ಯಾರದೋ ಮನೆಯಲ್ಲಿ ಸೇರಿದ್ದರು. ಪಂಚಾಕ್ಷರಿ ಬರಲಿಲ್ಲ. ಕೆಲಸ ಇಲ್ಲದವರಿಗೆ ಅಲ್ಲೇನು ಕೆಲಸ ಅಂತ ನಗುತ್ತಲೇ ಹೇಳಿ, ಹುಲ್ಲು ಕತ್ತರಿಸಲು ಗ್ಯಾರೇಜಿಗೆ ಹೋದರು. ಏಪ್ರಿಲ್ಲಿನಲ್ಲಿ ಕತ್ತರಿಸುವಷ್ಟು ಹುಲ್ಲು ಎಲ್ಲಿರುತ್ತದೆ? ಫ್ಯಾಕ್ಟರಿ ಅವರಿಂದ ಕಿತ್ತುಕೊಳ್ಳದೆ ಉಳಿಸಿದ್ದನ್ನು ನಾವಿಬ್ಬರೂ ಸೇರಿ ಕಿತ್ತುಕೊಂಡೆವು.

ಈಗ ವಿಷಯಕ್ಕೆ ಬರುತ್ತೇನೆ. ಹದಿನೇಳನೆಯ ನಿಯಮದ ಕೊನೆಯ ಸಾಲು ನೀವು ಓದಿಲ್ಲ, ಓದಿದ್ದರೆ ನನ್ನನ್ನು ಇಲ್ಲಿ ಇಷ್ಟು ದಿನ ಬಿಡುತ್ತಿರಲಿಲ್ಲ. ಕಾರ್ಯದರ್ಶಿ ಹದಿನೈದು ದಿನದೊಳಗೆ ಸಹಿ ಹಿಂತೆಗೆದುಕೊಂಡರೆ ಆದೇಶ ಬಿದ್ದುಹೋಗುತ್ತದೆ. ಮಂಗಳವಾರಕ್ಕೆ ಹದಿನೈದು ದಿನ. ನಾಳೆ ಬೆಳಿಗ್ಗೆ ಎಲ್ಲ ಮನೆಗೂ ಇಮೇಲ್ ಹೋಗುತ್ತದೆ, ಈ ಕಾಗದ ನಿಮ್ಮ ಕೈ ಸೇರುವ ಮೊದಲೇ. ಖಾಲಿ ಹಾಳೆಗೆ ಸಹಿ ಹಾಕಿದ್ದು, ಫೋನಿನಲ್ಲಿ ಕೇಳಿದ್ದು, ಪದ ತಿದ್ದಿದ್ದು, ಸರಿ ಅಂದದ್ದು, ಎಲ್ಲವನ್ನೂ ಬರೆದಿದ್ದೇನೆ. ನಿಮ್ಮನ್ನು ಖಳನಾಯಕ ಮಾಡಿ ನಾನು ಮಡಿಯುಟ್ಟು ನಿಂತಿಲ್ಲ, ಆ ಭಯ ಬೇಡ. ಉಳಿದ ಒಂಬತ್ತು ಹಾಳೆಗಳನ್ನು ಹರಿದು ಹಾಕಿ.

ಮನೆಗೆ ಯಾವಾಗ ಬರುತ್ತೇನೆ ಅಂತ ಈಗ ಹೇಳಲಾರೆ. ಚುನಾವಣೆಯ ತಾರೀಕು ನಿಗದಿ ಮಾಡಿ, ನೀವೇ ಈ ಮನೆಗೆ ಫೋನ್ ಮಾಡಿ ಪಂಚಾಕ್ಷರಿಯವರಿಗೆ ತಿಳಿಸಿ. ಆಮೇಲೆ ನೋಡೋಣ. ಬಿಪಿ ಮಾತ್ರೆ ತಪ್ಪಿಸಬೇಡಿ.

ಇಂತಿ,
ನಾಳೆಯಿಂದ ಕಾರ್ಯದರ್ಶಿಯಲ್ಲದ,
ಅಂಬುಜಾ

ಮರೆತ ಮಾತು: ಇಮೇಲಿಗೆ ಬೇಕೆಂದು ಡೆಟ್ರಾಯಿಟ್ ಕಡೆಯ ನಲವತ್ತಾರು ಮನೆಗಳ ವಿಳಾಸವನ್ನು ಪ್ರಭಾವತಿಯೇ ನಾಲ್ಕು ದಿನದ ಹಿಂದೆ ಕೂತು ಬರೆದುಕೊಟ್ಟಿದ್ದಳು, ನನ್ನನ್ನು ನಂಬಿ. ತನ್ನ ಹೆಸರು ಹಾಕಿರಲಿಲ್ಲ, ನಂದ್ಯಾಕ, ನಾ ಇಲ್ಲೇ ಅದೀನಲ್ಲ ಅಂದಿದ್ದಳು. ಇವತ್ತು ಬೆಳಿಗ್ಗೆ ರೊಟ್ಟಿ ತಟ್ಟುತ್ತಿದ್ದವಳಿಗೆ ಆ ಫೋನಿನ ವಿಷಯ ಹೇಳಿಬಿಟ್ಟೆ. ಅವಳು ತಿರುಗಿ ನೋಡಲಿಲ್ಲ. ಹಂಚಿನ ಮೇಲಿದ್ದ ರೊಟ್ಟಿ ಬೇಯಿಸಿ, ಒಲೆ ಆರಿಸಿ, ಕೈ ತೊಳೆದುಕೊಂಡು ಬಂದು ಪಟ್ಟಿ ಕೇಳಿದಳು. ಕೊಟ್ಟೆ. ಎಲ್ಲರ ಕೆಳಗೆ ತನ್ನ ಹೆಸರು, ವಿಳಾಸ ಬರೆದಳು. ಅವರಿಗೆ ಬರೆದದ್ದನ್ನ ನನಗೂ ಕಳಸು ಅಂತ ಹೇಳಿ ಪಟ್ಟಿ ನನ್ನ ಕೈಗೆ ವಾಪಸು ಕೊಟ್ಟಳು. ಈಗ ಅದರಲ್ಲಿ ನಲವತ್ತೇಳು ಮನೆಗಳಿವೆ.