ಮೇಲಿನ ಮನೆ, ನಿನ್ನ ಭಾಷಣ

ಕೃಪಾ,

ನಾನೂ ನಿಮ್ಮಪ್ಪನೂ ಜಿಗಣಿಗೆ ಬೀಗರೂಟಕ್ಕೆ ಹೋಗ್ತಿದ್ದೀವಿ. ಮುದ್ದೆ, ಬಸ್ಸಾರು ಮಾಡಿಟ್ಟಿದ್ದೀನಿ, ಸಾರು ಬಿಸಿ ಮಾಡ್ಕೊ.

ಸ್ಕೂಲಲ್ಲಿ ಎಲ್ಲರನ್ನೂ ಒಪ್ಪಿಸೋ ಹಾಗೆ ಮಾತಾಡಬೇಕು ಅಂದಿದ್ದೆಯಲ್ಲ, ಆ ಭಾಷಣದ ಹಾಳೆ ಟಿವಿ ಪಕ್ಕ ಸಿಕ್ತು. ಪ್ಲಾಸ್ಟಿಕ್, ಮೊಬೈಲ್, ಕೆರೆ ಎಲ್ಲಾ ಹೊಡೆದು ಹಾಕಿ ‘ಬಾಡಿಗೆಗೆ ಬರುವವರ ಜಾತಿ ಕೇಳಬಾರದು’ ಅಂತ ಬರೆದಿದ್ದೀಯ. ಇಷ್ಟು ವಿಷಯ ಇರುವಾಗ ಇದೇ ಯಾಕೆ? ಯಾರು ಹೇಳಿಕೊಟ್ಟರು? ಮೊನ್ನೆ ಆ ನರ್ಸ್ ಹುಡುಗಿ ಮೇಲಿನ ಮನೆ ನೋಡೋಕೆ ಬಂದಾಗ ನೀನು ಬಾಗಿಲ ಹಿಂದೆ ನಿಂತಿದ್ದು ನಂಗೆ ಗೊತ್ತು. ಇದು ಸ್ಕೂಲಲ್ಲಿ ಹೇಳೋಕೋ, ನಂಗೆ ಹೇಳೋಕೋ?

ಬಹುಮಾನ ಬಂದರೆ ಬರಲಿ. ಆದರೆ ಸುಳ್ಳು ಬರೀಬೇಡ. ‘ನಮ್ಮಮ್ಮ ಯಾವ ಜಾತಿ ಅಂತ ಕೇಳಿದರು’ ಅಂತ ಇದೆ. ನಾನು ಜನ್ಮದಲ್ಲಿ ಹಾಗೆ ಕೇಳಿದವಳಲ್ಲ. ‘ನೀವು ಏನ್ ಜನಮ್ಮಾ’ ಅಂದೆ, ಅಷ್ಟೇ. ತಿದ್ದಿದ್ದೀನಿ, ನೋಡ್ಕೊ.

ನಾಲ್ಕು ಗಂಟೆಗೆ ಇನ್ಯಾರೋ ಮನೆ ನೋಡೋಕೆ ಬರ್ತಾರೆ. ಕೀ ಫ್ರಿಜ್ ಮೇಲಿದೆ. ಬಾಗಿಲು ತೆಗೆದು ತೋರಿಸು, ಏನೂ ಕೇಳಬೇಡ.

ಹೆಸರು ಮಾತ್ರ ಬರೆಸ್ಕೊ. ಬರೀ ಇನಿಷಿಯಲ್ ಬೇಡ, ಪೂರ್ತಿ ಹೆಸರು.

ಅಮ್ಮ