ನಾನೇ ಸರಿಮಾಡಿದ ಮೈಕ್

ಫೆಬ್ರುವರಿ ೧೨, ಗುರುವಾರ

ಸಿಟ್ಟು ಇನ್ನೂ ಇಳಿದಿಲ್ಲ. ಇಂದು ನಮ್ಮ ಯುವ ನಾಯಕತ್ವ ತರಬೇತಿಯ ಸಮಾರೋಪ. ನಾಯಕಿಯರಾದ ನಮಗೆ ಸಿಕ್ಕ ಮೊದಲ ಕೆಲಸ, ಕುಂಭ ಹೊತ್ತು ಅತಿಥಿಗಳನ್ನು ಸ್ವಾಗತಿಸುವುದು! ನಡುವೆ ಮೈಕ್ ಕೆಟ್ಟಿತು. ನಾನೇ ಹೋಗಿ ವೈರ್ ಜೋಡಿಸಿದೆ. ಅದೇ ಮೈಕ್ ಹಿಡಿದು ಊರ ಹಿರಿಯ ನಿಜಗುಣಪ್ಪನವರು ‘ಹುಡುಗ್ಯಾರು ಮುಂದ ಬರಬೇಕು’ ಎಂದು ಮುಕ್ಕಾಲು ಗಂಟೆ ಕೊರೆದರು.

ನನಗೆ ಕೇಳಬೇಕಿದ್ದುದು ಒಂದೇ. ಬೀಗ ಬಿದ್ದಿರುವ ಊರ ಹಳೆಯ ಗೋದಾಮನ್ನು ನಾವು ತೆರೆಯಬೇಕೆಂದಿರುವ ಪಂಪ್‌ಸೆಟ್ ರಿಪೇರಿ ಅಂಗಡಿಗೆ ಕೊಟ್ಟರೆ ಆರು ಹುಡುಗಿಯರಿಗೆ ನಮ್ಮೂರು ನೇಸರಗಿಯಲ್ಲೇ ಕೆಲಸವಾಗುತ್ತದೆ. ಮೈಕಿಗೆ ಕೈಚಾಚಿದೆ.

“ಭಾಷಣ ಸಾಕವ್ವಾ, ಮಂದಿ ಹಸದಾರ. ಬಡಸಾಕ ನಡೀರಿ,” ಅಂದರು ನಿಜಗುಣಪ್ಪನವರು.

ನಡೆದೆ. ಅವರ ಎಲೆಗೆ ಹೋಳಿಗೆ ಬಡಿಸಿದೆ, ಮೇಲೆ ತುಪ್ಪ ಹಾಕಿದೆ. ಸಾಲದ್ದಕ್ಕೆ, “ಇನ್ನೊಂದ ಹಾಕಸ್ಕೋರಿ” ಎಂದು ಒತ್ತಾಯವನ್ನೂ ಮಾಡಿದೆನಲ್ಲ, ನಾನು!