ಒಗೆಯುವವರು ಯಾರು?

ಸುದ್ದಗುಂಟೆಪಾಳ್ಯ, ಬೆಂಗಳೂರು
ಭಾನುವಾರ, ೧೪ ಸೆಪ್ಟೆಂಬರ್ ೨೦೨೫

ಪ್ರೀತಿಯ ಶಿವವ್ವತ್ತೆಗೆ, ನಿನ್ನ ಭಾಗ್ಯಳ ನಮಸ್ಕಾರ.

ಮೊಣಕಾಲು ಹೇಗಿದೆ? ಕಳಿಸಿದ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ಬಾಟಲಿಯನ್ನು ದೇವರ ಪಕ್ಕ ಇಟ್ಟು ಕೈಮುಗಿಯುತ್ತಿದ್ದೀಯೋ? ಫೋನಿನಲ್ಲಿ ಕೇಳಿದರೆ ನಿನಗೆ ಅರ್ಧ ಕೇಳಿಸುವುದಿಲ್ಲ, ಉಳಿದರ್ಧಕ್ಕೆ ಹೂಂ ಅನ್ನುತ್ತೀ. ಅದಕ್ಕೇ ಈ ಪತ್ರ. ಊರಿನ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವ ಕೆಲಸಕ್ಕೆ ಪ್ರಿನ್ಸಿಪಾಲರ ಹತ್ತಿರ ನೀನು ಮಾತಾಡಿದ್ದೀ, ಈ ತಿಂಗಳೊಳಗೆ ಹೂಂ ಅಥವಾ ಊಹೂಂ ಹೇಳಬೇಕು ಅಂದಿದ್ದೀ. ಮರೆತಿಲ್ಲ. ಅದಕ್ಕೆ ಬರುತ್ತೇನೆ, ಆದರೆ ನೇರ ದಾರಿಯಲ್ಲಿ ಅಲ್ಲ.

ಇವತ್ತು ಬೆಳಿಗ್ಗೆ ಎದುರಿನ ತಾರಸಿಯ ಮೇಲೆ ಒಬ್ಬ ಹೆಂಗಸು ದಪ್ಪನೆಯ ಜಮಖಾನೆ ಒಗೆದು ಒಬ್ಬಳೇ ಹಿಂಡಲು ಒದ್ದಾಡುತ್ತಿದ್ದಳು. ಈ ಕಡೆ ತಿರುಚಿದರೆ ಆ ಕಡೆ ಬಿಚ್ಚಿಕೊಳ್ಳುತ್ತಿತ್ತು. ಸ್ವಲ್ಪ ಹೊತ್ತು ನೋಡಿ, ಒಂದು ತುದಿಯನ್ನು ನೀರಿನ ಟ್ಯಾಂಕಿನ ಕಬ್ಬಿಣದ ಕಾಲಿಗೆ ಕಟ್ಟಿದಳು. ಇನ್ನೊಂದು ತುದಿ ಹಿಡಿದು ತಿರುಚಿದಳು. ನೀರು ದಬದಬ ಸುರಿಯಿತು. ನಾನು ಹಲ್ಲುಜ್ಜುವುದನ್ನು ಬಿಟ್ಟು ನಿಂತಿದ್ದೆ. ನೀನು ನೆನಪಾದೆ. ಕೌದಿ ಹೊಲಿದುಕೊಡು ಅಂತ ಯಾರೇ ಹಳೇ ಸೀರೆ ಹೊತ್ತು ಬಂದರೂ ನೀನು ಕೇಳುವ ಮೊದಲ ಮಾತು, ‘ಒಗಿಯೋರು ಯಾರವಾ?’ ಅಂತ. ಹೊದೆಯುವವರು ಯಾರು ಅಂತ ಕೇಳುವುದಿಲ್ಲ. ಚಂದ ಕಾಣಲಿ ಅಂತ ಏಳು ಪದರ ಹಾಕಿಸಿಕೊಂಡು ಹೋದವರು, ನೆನೆಸಿದ ಕೌದಿಯನ್ನು ಮೂರು ಜನ ಸೇರಿದರೂ ಎತ್ತಲಾಗದೆ, ಕೊನೆಗೆ ಕತ್ತರಿಸಿ ಎರಡು ಮಾಡಿಸಿಕೊಂಡರಲ್ಲ.

ನಮ್ಮ ಆಫೀಸಿನಲ್ಲೂ ಎರಡು ವಾರದಿಂದ ಅಂಥದೇ ಒಂದು ಜಗಳ. ನಾವು ಇರುವುದೇ ಮೂವರು: ದಿನೇಶ್, ನಮ್ಮ ಕಡೆಯ ಸಂಗಮೇಶ, ನಾನು. ಅವರಿಬ್ಬರು ವೆಬ್‌ಸೈಟ್ ಕಟ್ಟುತ್ತಾರೆ, ನಾನು ಅದರೊಳಗಿನ ಕನ್ನಡ ನೋಡಿಕೊಳ್ಳುತ್ತೇನೆ. ಈಗ ಯಡಿಯೂರಿನ ವೆಂಕಟಾಚಲ ಮೇಷ್ಟ್ರ ಕೆಲಸ ಬಂದಿದೆ. ಅವರು ಮೂವತ್ತು ವರ್ಷ ಇಲ್ಲಿನ ಹಳೇ ಹಳ್ಳಿಗಳ ರೈತರ ಹತ್ತಿರ ಕೂತು, ಕೆರೆ, ಗದ್ದೆ, ಏತಕ್ಕೆ ಸೇರಿದ ಮಾತುಗಳನ್ನು ಬರೆದಿಟ್ಟಿದ್ದಾರೆ. ಎಲ್ಲವೂ ಮದುವೆ ಕಾಗದಗಳ ಹಿಂಬದಿಯಲ್ಲಿ, ಆ ಕಾಗದಗಳೆಲ್ಲ ಹಳೇ ಸೀರೆ ಡಬ್ಬಿಗಳಲ್ಲಿ. ಡಬ್ಬಿ ತೆರೆದರೆ ಒಂದು ಕಡೆ ವಧೂವರರ ಹೆಸರು, ತಿರುಗಿಸಿದರೆ ‘ತೂಬು’. ಅವೆಲ್ಲ ಒಂದು ಕಡೆ ಸಿಗುವಂತಾಗಬೇಕು, ಕಣ್ಣು ಪೂರಾ ಮಂಜಾಗುವ ಮೊದಲು ಬಿಟ್ಟುಹೋದದ್ದನ್ನು ತಾನೇ ಸೇರಿಸಬೇಕು ಎಂಬುದು ಮೇಷ್ಟ್ರ ಆಸೆ.

ಜಗಳ ಇರುವುದು ಫ್ರೇಮ್‌ವರ್ಕ್ ಮೇಲೆ. ಹಾಗಂದರೆ ನಿನ್ನ ಕೌದಿಯ ತಳಕ್ಕೆ ಹಾಸುವ ಸೀರೆ ಅಂದುಕೋ. ಮೇಲೆ ಯಾವ ತುಂಡು ಹಚ್ಚಿದರೂ ಅದರ ಅಳತೆಗೇ ಹಚ್ಚಬೇಕು; ಅರ್ಧ ಹೊಲಿದ ಮೇಲೆ ತಳ ಬದಲಿಸಲು ಆಗುವುದಿಲ್ಲ. ದಿನೇಶ್ ರಿಯಾಕ್ಟ್ ಎನ್ನುತ್ತಾನೆ, ಸಂಗಮೇಶ ಜ್ಯಾಂಗೊ ಎನ್ನುತ್ತಾನೆ. ‘ಮಗಾ, ನಿಂದು ನೋಡಿದ್ರೆ ನಮ್ ತಾತನ ಕಾಲದ್ದು ಅನ್ಸುತ್ತೆ’ ಎಂದು ದಿನೇಶ್. ‘ನಿಮ್ಮ ತಾತ ಇನ್ನೂ ಗಟ್ಟಿ ಅದಾರ, ನೀನ ಎರಡು ಮೆಟ್ಟಿಲಾ ಹತ್ತಿದ್ರ ತೇಕ್ತಿ’ ಎಂದು ಸಂಗಮೇಶ. ಕಡೆಗೆ ಇಬ್ಬರೂ ಒಂದೊಂದು ಮಾದರಿ ಮಾಡಿದರು. ಮೀಟಿಂಗಿನಲ್ಲಿ ‘ನೀನೇನಂತೀಯಾ?’ ಎಂದು ಕೇಳಿದಾಗ ನಾನು ಎಂದಿನಂತೆ ಚಹಾ ಲೋಟದೊಳಗೆ ನೋಡಿದೆ. ಆದರೆ ಕುತೂಹಲ ತಡೆಯಲಾಗಲಿಲ್ಲ. ನಿನ್ನೆ ಒಬ್ಬಳೇ ಯಡಿಯೂರಿಗೆ ಹೋಗಿ ಎರಡನ್ನೂ ಮೇಷ್ಟ್ರ ಫೋನಿನಲ್ಲೇ ತೆರೆದೆ.

ದಿನೇಶನದು ಆಫೀಸಿನಲ್ಲಿ ಎಷ್ಟು ಚಂದ ಕಂಡಿತ್ತು ಅಂತೀ, ಮಾತುಗಳು ಇಸ್ಪೀಟು ಎಲೆಯಂತೆ ಮಗುಚಿಕೊಳ್ಳುತ್ತಿದ್ದವು. ಮೇಷ್ಟ್ರ ಹಳೇ ಫೋನಿನಲ್ಲಿ ಬರೀ ಬಿಳಿ ಬಂತು. ಪಾಪ, ಗಾಜು ಕೊಳೆಯಾಗಿದೆ ಎಂದುಕೊಂಡು ಪಂಚೆಯ ತುದಿಯಿಂದ ಎರಡು ಸಲ ಒರೆಸಿದರು. ನಮ್ಮ ಮೂವರ ಫೋನೂ ಹೊಸವು. ಅವರದು ಹೇಗಿದೆ ಎಂದು ಒಬ್ಬರೂ ನೋಡಿರಲಿಲ್ಲ. ಬಹಳ ಹೊತ್ತಿನ ಮೇಲೆ ತೆರೆದುಕೊಂಡಿತು. ‘ಹೊಸ ಪದ ಸೇರಿಸ್ಬೇಕಂದ್ರೆ ಯಾರಿಗಮ್ಮಾ ಫೋನ್ ಮಾಡ್ಬೇಕು?’ ಎಂದು ಕೇಳಿದರು. ದಿನೇಶನಿಗೆ, ಎಂದೆ. ಸೇರಿಸುವ ಜಾಗವನ್ನು ಬೇರೆಯಾಗಿ ಕಟ್ಟಬಹುದು, ಅವನಿಗೆ ಬಾರದ್ದೇನಲ್ಲ. ಆದರೆ ಇನ್ನೂ ಮೂರು ವಾರ ಬೇಕು.

ಸಂಗಮೇಶನದು ಸಾದಾ, ಪಂಚಾಂಗದ ಪುಟದಂತೆ. ತಕ್ಷಣ ತೆರೆಯಿತು. ಅದರಲ್ಲಿ ಸೇರಿಸುವ, ತಿದ್ದುವ ಒಳಮನೆ ಸಿದ್ಧವಾಗಿಯೇ ಬರುತ್ತದೆ. ಮೇಷ್ಟ್ರು ಫೋನನ್ನು ಮೂಗಿನ ಹತ್ತಿರ ಹಿಡಿದು, ಒಂದೇ ಬೆರಳಿನಲ್ಲಿ ‘ನೀರುಗಂಟಿ: ಕೆರೆಯ ನೀರನ್ನು ಸರದಿಯಂತೆ ಗದ್ದೆಗೆ ಬಿಡುವವನು’ ಎಂದು ಕುಟ್ಟಿದರು. ಏಳು ನಿಮಿಷ ಹಿಡಿಯಿತು. ಆಮೇಲೆ ಹುಡುಕಿ ನೋಡಿದರು, ಬಂತು. ಎದ್ದುಹೋಗಿ ಇನ್ನೊಂದು ಸೀರೆ ಡಬ್ಬಿ ತಂದು ನನ್ನ ಮುಂದೆ ಇಟ್ಟರು.

ಅಲ್ಲಿಗೆ ಮುಗಿಯಿತು ಅನ್ನಬೇಡ. ಸಂಗಮೇಶನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿದೆ, ತಿಂಗಳ ಕೊನೆಗೆ ಹೊರಡುತ್ತಾನೆ. ‘ಇವ್ನು ಹೋದ್ಮೇಲೆ ಅದನ್ನ ನೋಡ್ಕೊಳ್ಳೋರ್ಯಾರು? ನಂಗೆ ಬರಲ್ಲ, ಗುರು’ ಎನ್ನುತ್ತಾನೆ ದಿನೇಶ್. ಸುಳ್ಳಲ್ಲ. ಇಂಥ ಸೈಟನ್ನು ಕಟ್ಟಿ ಬಿಟ್ಟರೆ ಆಗದು, ಆಗಾಗ ಕೊಳೆ ತೆಗೆಯಬೇಕು, ಹರಿದದ್ದು ಹೊಲಿಯಬೇಕು. ನೋಡು, ತಿರುಗಿ ನಿನ್ನ ಪ್ರಶ್ನೆಗೇ ಬಂದೆವು. ನಾಳೆ ಬೆಳಿಗ್ಗೆ ಮೀಟಿಂಗ್ ಇದೆ, ಒಂದನ್ನು ಆರಿಸಲೇಬೇಕು.

ಇಲ್ಲಿ ಮೋಡ ಕವಿದಿದೆ, ಎದುರಿನ ಜಮಖಾನೆ ಇನ್ನೂ ಒಣಗಿಲ್ಲ. ಮಾಮನಿಗೆ ನಮಸ್ಕಾರ ಹೇಳು. ಹೊಲಿಯಲು ಕೂತಾಗ ಕಾಲು ಮಡಚಬೇಡ, ಚಾಚಿಕೋ.

ನಿನ್ನ ಕೈಯಲ್ಲಿ ಸೂಜಿಗೆ ದಾರ ಪೋಣಿಸಲು ಕಲಿತ,
ಭಾಗ್ಯಜ್ಯೋತಿ

ಮರೆತೆ: ಪ್ರಿನ್ಸಿಪಾಲರಿಗೆ ಬೇರೆಯವರನ್ನು ನೋಡಿಕೊಳ್ಳಲು ಹೇಳಿಬಿಡು, ಬೇಜಾರಾಗಬೇಡ. ನಿನ್ನ ಜ್ಯಾಂಗೊ ದಿನಾ ಸಂಜೆ ಒಂದು ಗಂಟೆ ಕಲಿಸಿಕೊಡುತ್ತೀಯಾ ಅಂತ ಸಂಗಮೇಶನನ್ನು ಈಗತಾನೇ ಫೋನಿನಲ್ಲಿ ಕೇಳಿದೆ. ‘ಯಾರಿಗಿ?’ ಅಂದ. ನನಗೇ, ಅಂದೆ. ನಾಳೆ ಮೀಟಿಂಗಿನಲ್ಲಿ ಬಾಯಿ ಬಿಡುತ್ತೇನೆ. ನಾನು ಊರಿಗೆ ಬಂದರೆ ಕೌದಿಗೆ ಅಂತ ಹಳೇ ಸೀರೆ ಎತ್ತಿಟ್ಟಿದ್ದೀಯಲ್ಲ, ಅವನ್ನು ಎರಡೇ ಪದರಕ್ಕೆ ಹೊಲಿದು ಇಲ್ಲಿಗೇ ಕಳಿಸು. ಒಗೆಯುವವಳು ಒಬ್ಬಳೇ. ನಮ್ಮ ತಾರಸಿಯ ಮೇಲೂ ಟ್ಯಾಂಕಿಗೆ ಕಬ್ಬಿಣದ ಕಾಲಿದೆ, ನೋಡಿ ಬಂದೆ.